ತೂಕಕ್ಕೆ ಸಿಗದ ಕಸ

ಬೆಳಗಿನಿಂದ ಸಪ್ಪಲಮ್ಮ ಗೊಬ್ಬರದ ಶೆಡ್ಡಿಗೂ ರಸ್ತೆಗೂ ಹತ್ತು ಸಲವಾದರೂ ಓಡಾಡಿದ್ದಳು. ಸಂಘದ ಕೆಲಸ ನೋಡಿ ಅಂಕ ಹಾಕಲು ಅವತ್ತು ಅಕ್ಷತ ಎಂಬ ಹುಡುಗಿ ಹೊಸಕೋಟೆಯ ತಾಲ್ಲೂಕು ಪಂಚಾಯಿತಿಯಿಂದ ಬರುವವಳಿದ್ದಳು.

ನಂದಗುಡಿ ಹೋಬಳಿಯ ಆ ಊರಿನಲ್ಲಿ ಆರು ಹೆಂಗಸರ ಸಂಘ ಮನೆಮನೆಯ ಹಸಿ ಕಸ ತಂದು ಗೊಬ್ಬರ ಮಾಡುತ್ತಿತ್ತು. ಪಂಚಾಯಿತಿ ವಹಿಸಿದ ಕೆಲಸ. ಮೊದಮೊದಲು ಪ್ಲಾಸ್ಟಿಕ್ ಬೆರೆಸಿ ಕೊಟ್ಟವರ ಬಾಗಿಲಲ್ಲೇ ಬಕೆಟ್ ಸುರಿದು ಸಪ್ಪಲಮ್ಮ ಬೈಸಿಕೊಂಡಿದ್ದಳು. ಆಮೇಲೆ ಹಿತ್ತಿಲಿದ್ದವರಿಗೆಲ್ಲ ಗುಂಡಿ ತೋಡಿಸಿ, ಅಲ್ಲೇ ಗೊಬ್ಬರ ಮಾಡುವುದನ್ನು ಕಲಿಸಿದಳು. ಈಗ ಅದೇ ತೊಂದರೆಗೆ ಬಂದಿತ್ತು. ಅಂಕ ಹಾಕುವ ಹೊಸ ನಮೂನೆಯಲ್ಲಿ ಶೆಡ್ಡಿಗೆ ಬಂದ ಕಸದ ತೂಕಕ್ಕೆ ಮಾತ್ರ ಅಂಕ. ಕಸ ಹಿತ್ತಿಲಲ್ಲೇ ಕೊಳೆತಷ್ಟೂ ಇವರ ಅಂಕ ಇಳಿಯುತ್ತಿತ್ತು. ತಾಲ್ಲೂಕಿನ ಸಂಘಗಳಲ್ಲಿ ಎರಡು ಸಲ ಕಡೆಯ ಸ್ಥಾನ ಬಂದಾಗಿತ್ತು. ಮೂರನೆಯ ಸಲವೂ ಬಂದರೆ ಕೆಲಸ ಬೇರೆಯವರಿಗೆ.

ಜೊತೆಯ ಮುನಿವೆಂಕಟಮ್ಮ ಹಿಂದಿನ ವಾರ ಒಂದು ಉಪಾಯ ಹೇಳಿದ್ದಳು. "ನಾಲ್ಕು ಬಿಂದಿಗೆ ನೀರು ಹುಯ್ದು ತೂಗಣ ಕಣಕ್ಕ. ಯಾರಿಗ್ ಗೊತ್ತಾಯ್ತದೆ?"

ಸಪ್ಪಲಮ್ಮ ಬೇಡ ಎನ್ನಲಿಲ್ಲ. ಆರು ದಿನ ಹಾಗೇ ತೂಗಿದರು. ಪುಸ್ತಕದಲ್ಲಿ ತೂಕ ಏರಿತು, ತೊಟ್ಟಿ ನಾರತೊಡಗಿತು. ಅವಳಿಗೆ ಊಟ ಸೇರದಾಯಿತು.

ಅಕ್ಷತ ಬಂದು ಪುಸ್ತಕ ತಿರುವಿದಳು. "ಈ ವಾರ ಚೆನ್ನಾಗಿ ಏರಿದ್ಯಲ್ಲ."

"ಅದನ್ನ ಬರ್ಕೋಬೇಡಿ ಮೇಡಂ," ಎಂದಳು ಸಪ್ಪಲಮ್ಮ. "ನೀರು ಹುಯ್ದು ತೂಗಿದ್ದೀವಿ."

ಮುನಿವೆಂಕಟಮ್ಮ ಎದ್ದು ಆಚೆ ಹೋದಳು. ಅಕ್ಷತ ಪುಸ್ತಕ ಮುಚ್ಚಿದಳು. "ಯಾಕ್ ಹಿಂಗ್ ಮಾಡಿದ್ರಿ?"

"ಊರೊಳಗೆ ಬನ್ನಿ, ತೋರಿಸ್ತೀನಿ."

ಬಿಸಿಲಲ್ಲಿ ಹಿತ್ತಿಲು ಹಿತ್ತಿಲು ಸುತ್ತಿದರು. ಅರವತ್ಮೂರು ಗುಂಡಿಗಳು. ಒಂದು ಹಿತ್ತಿಲಲ್ಲಿ ಆ ಮನೆಯ ಜಹೀರುನ್ನೀಸಾ ತಮ್ಮ ಕರಿಬೇವಿನ ಗಿಡದ ಬುಡದಿಂದ ಒಂದು ಹಿಡಿ ಕಪ್ಪು ಗೊಬ್ಬರ ಎತ್ತಿ ಅಕ್ಷತಳ ಅಂಗೈಗೆ ಹಾಕಿದರು. "ಎರಡು ವರ್ಷ ಆಯ್ತು, ನಮ್ಮನೆ ಹಸಿ ಕಸ ಗೇಟ್ ದಾಟಿಲ್ಲ. ಈಯಮ್ಮನೇ ಕಲಿಸಿದ್ದು."

"ಇದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ," ಎಂದಳು ಅಕ್ಷತ.

"ಹಾಳೆ ಹಿಂದ್ಗಡೆ ಜಾಗ ಐತಲ್ಲ, ಅಲ್ಲಿ ಬರೀರಿ."

ಅಕ್ಷತ ಬರೆದಳು. ಗುಂಡಿಗಳ ಲೆಕ್ಕವನ್ನೂ ಬರೆದಳು, ನೀರು ಹುಯ್ದದ್ದನ್ನೂ ಬರೆದಳು.

ಹದಿನೈದು ದಿನ ಸಪ್ಪಲಮ್ಮನ ಕೈಗೆ ಕೆಲಸ ಹತ್ತಲಿಲ್ಲ. ಮುನಿವೆಂಕಟಮ್ಮ ಮಾತು ಬಿಟ್ಟಿದ್ದಳು. ಕೊನೆಗೆ ಕಾಗದ ಬಂತು: ನೀರು ಹುಯ್ದ ವಾರಕ್ಕೆ ಸೊನ್ನೆ, ಸಂಘಕ್ಕೆ ಮತ್ತೆ ಕಡೆಯ ಸ್ಥಾನ. ಆದರೆ ಕೆಲಸ ಇನ್ನು ಆರು ತಿಂಗಳು ಇವರಲ್ಲೇ. ಅಷ್ಟರಲ್ಲಿ ಹಿತ್ತಿಲ ಗುಂಡಿಗಳನ್ನೂ ಎಣಿಸಿ ನೋಡಲಾಗುವುದು.

ಮುನಿವೆಂಕಟಮ್ಮ ಕಾಗದ ಇಸಿದುಕೊಂಡು ಓದಿದಳು. "ಮೊನ್ನೆ ಮಳೆಗೆ ಕೆರೆ ಕಡೆ ಮೂರು ಗುಂಡಿ ಕುಸಿದವೆ, ಗೊತ್ತೇನಕ್ಕ?" ಎಂದಳು.

ಸಪ್ಪಲಮ್ಮ ಆಗಲೇ ಹಾರೆ ಹುಡುಕುತ್ತಿದ್ದಳು.