ಹಿಂದಿನಿಂದ ಬರೆದ ಪುಟಗಳು

ಅದು ಕೊರೊನಾ ಕಳೆದ ಮರುವರ್ಷ. ಬೆಂಗಳೂರಿನ ಒಂದು ಯಂತ್ರ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಜರ್ಮನ್ ಭಾಷಾಂತರ ಮಾಡಿ ನಿವೃತ್ತಳಾದ ನಾನು ಅರಸೀಕೆರೆಗೆ ಬಂದು ನೆಲೆಸಿದ್ದೆ. ಕೆಲಸ ಬಿಟ್ಟರೂ ಜರ್ಮನ್ ನನ್ನನ್ನು ಬಿಟ್ಟಿರಲಿಲ್ಲ. ಹಿಂದೆ ತರಬೇತಿಗೆಂದು ಆ ದೇಶಕ್ಕೆ ಹೋಗಿದ್ದಾಗ, ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮುದುಕಿಯೊಬ್ಬರಿಂದ ಕುರೆಂಟ್ ಲಿಪಿ ಓದುವುದನ್ನು ಕಲಿತಿದ್ದೆ. ಕುರೆಂಟ್ ಎಂದರೆ ನೂರು ವರ್ಷದ ಹಿಂದಿನ ಜರ್ಮನ್ ಕೈಬರಹ. ಈಗಿನ ಜರ್ಮನ್ನರಲ್ಲೇ ಹೆಚ್ಚಿನವರಿಗೆ ಅದು ಓದಲು ಬರುವುದಿಲ್ಲ. ಅಲ್ಲಿನ ಚರ್ಚುಗಳಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವುಗಳನ್ನು ಪಾದ್ರಿಗಳು ಈ ಲಿಪಿಯಲ್ಲೇ ದಪ್ಪ ರಿಜಿಸ್ಟರುಗಳಲ್ಲಿ ಬರೆದಿಡುತ್ತಿದ್ದರು. ತಮ್ಮ ವಂಶದ ಬೇರು ಹುಡುಕುವವರು ಆ ಪುಟಗಳ ಫೋಟೊ ಕಳಿಸುತ್ತಾರೆ, ನಾನು ಮನೆಯಲ್ಲೇ ಕೂತು ಓದಿ ವರದಿ ಬರೆಯುತ್ತೇನೆ.

"ಯಾರ್ದೋ ಮುತ್ತಾತನ್ನ ಹುಡುಕಿ ಕೊಡ್ತೀರಲ್ಲ, ನಿಮ್ಮ ಮುತ್ತಾತನ ಹೆಸ್ರು ಗೊತ್ತೇನ್ರೀ?" ಎಂದು ಪಕ್ಕದ ಮನೆಯಾಕೆ ಒಮ್ಮೆ ಕೇಳಿದ್ದರು. ನನಗೆ ಗೊತ್ತಿರಲಿಲ್ಲ. ಆದರೂ ಜಂಭಕ್ಕೇನೂ ಕೊರತೆ ಇರಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು.

ಆ ವರ್ಷದ ಆಷಾಢದಲ್ಲಿ ಮಂಜುಳಾ ಎಂಬ ಹೆಂಗಸು ಮನೆಗೆ ಬಂದಳು. ಬೇಲೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತದ ಟೀಚರ್, ನಲವತ್ತೈದರ ಆಸುಪಾಸು. ಕೂತವಳೇ ವಿಷಯಕ್ಕೆ ಬಂದಳು.

"ನಮ್ಮಪ್ಪನ ಅಜ್ಜಿ ದ್ಯಾವಮ್ಮ ಅಂತ, ಮೇಡಂ. ಬಿಕ್ಕೋಡಿನ ಆಚೆ ಕಾಫಿ ತೋಟದಲ್ಲಿ ಆಳಾಗಿದ್ರು. ಅಲ್ಲೊಬ್ಬ ಜರ್ಮನ್ ಪಾದ್ರಿ ಇದ್ದನಂತೆ. ಅವನ ಹತ್ರ ದೀಕ್ಷೆ ತಗೊಂಡು ಮಾರ್ಥಾ ಆದ್ರಂತೆ."

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹಿಡಿದು ಸಾಗಿಸಿದ ಮೇಲೆ ಆ ಕುಟುಂಬ ಮೆಲ್ಲಗೆ ಚರ್ಚಿನಿಂದ ದೂರವಾಗಿತ್ತು. ಈಗ ಅವರದು ಬೌದ್ಧರ ಮನೆ. ಆದರೆ ಮಂಜುಳಾಳ ತಂದೆ ಸಿದ್ದಯ್ಯ ಒಂದು ಹಳೆಯ ಪದ್ಧತಿ ಮಾತ್ರ ಬಿಟ್ಟಿರಲಿಲ್ಲ. ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರ ಹೆಸರು ಕೂಗಿ ಒಬ್ಬೊಬ್ಬರಿಗೆ ಒಂದೊಂದು ಎಲೆಯಲ್ಲಿ ಎಡೆ ಇಡುತ್ತಿದ್ದರು. ಕೊನೆಯಲ್ಲಿ ಒಂದು ಚಿಕ್ಕ ಎಲೆ, ಅದಕ್ಕೆ ಹೆಸರಿಲ್ಲ. ಅದನ್ನು ಶುರು ಮಾಡಿದ್ದು ದ್ಯಾವಮ್ಮ. "ನನ್ನ ಮೊದಲ್ನೇ ಕೂಸಿಂದು" ಎಂದಷ್ಟೇ ಹೇಳುತ್ತಿದ್ದರಂತೆ. ಅವರ ನಂತರ ಮಗಳು, ಮಗಳ ನಂತರ ಮೊಮ್ಮಗ ಸಿದ್ದಯ್ಯ.

"ಅಪ್ಪಂಗೆ ಎಂಬತ್ತಾರು. ಸಾಯೋದ್ರೊಳಗೆ ಆ ಕೂಸನ್ನ ಒಂದ್ಸಲ ಹೆಸ್ರಿಟ್ಟು ಕೂಗ್ಬೇಕಂತೆ" ಎಂದಳು ಮಂಜುಳಾ.

ಪಾದ್ರಿಯ ರಿಜಿಸ್ಟರು ತೋಟದ ಹಳೆಯ ಪ್ರಾರ್ಥನಾ ಮಂದಿರವನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರ ಮನೆಯ ಟ್ರಂಕಿನಲ್ಲಿತ್ತು. ಮಂಜುಳಾ ಎರಡು ಭಾನುವಾರ ಕೂತು ಐವತ್ತೆಂಟು ಪುಟಗಳ ಫೋಟೊ ತೆಗೆದು ಕಳಿಸಿದಳು. ಬರಹ ಮುಗಿದು ಖಾಲಿ ಹಾಳೆಗಳು ಶುರುವಾದಾಗ ಅಲ್ಲಿಂದಲೇ ಫೋನ್ ಮಾಡಿದ್ದಳು. "ಸಾಕು ಬಿಡಮ್ಮ, ಖಾಲಿ ಹಾಳೆ ಓದೋಕೆ ನನಗೆ ಬರಲ್ಲ" ಎಂದು ನಕ್ಕವಳು ನಾನೇ.

ಮೂರು ವಾರ ಹಿಡಿಯಿತು. ಮಾರ್ಥಾಳ ದೀಕ್ಷೆ ಸಿಕ್ಕಿತು, ಮದುವೆ ಸಿಕ್ಕಿತು, ಆಮೇಲೆ ಹುಟ್ಟಿದ ಸಿದ್ದಯ್ಯನವರ ತಾಯಿಯೂ ಸಿಕ್ಕಿದರು. ಅದಕ್ಕೆ ಮೊದಲಿನ ಮಗು ಎಲ್ಲೂ ಇರಲಿಲ್ಲ. ನಾನು ವರದಿಯಲ್ಲಿ ಬರೆದೆ: "ಮಾರ್ಥಾಳಿಗೆ ಇದಕ್ಕೆ ಮೊದಲು ಮಗು ಹುಟ್ಟಿಲ್ಲ." ಒಂದೇ ವಾಕ್ಯ, ಕೆಳಗೆ ಸಹಿ.

ಮಹಾಲಯ ಕಳೆದು ಹತ್ತು ದಿನಕ್ಕೆ ಮಂಜುಳಾ ಫೋನ್ ಮಾಡಿದಳು.

"ಅಪ್ಪ ಈ ಸಲ ಆ ಎಲೆ ಹಾಕ್ಲಿಲ್ಲ, ಮೇಡಂ. ಓದಿದೋರು ಹೇಳವ್ರೆ, ಇಲ್ದಿರೋ ಕೂಸಿಗೆ ಯಾಕೆ ಅನ್ನ ಅಂದ್ರು. ಅವತ್ತಿಂದ ಮಾತು ಕಮ್ಮಿ ಮಾಡವ್ರೆ. ಅಜ್ಜಿ ನಂಗ್ಯಾಕೆ ಸುಳ್ಳೇಳಿದ್ಲು ಅಂತ ಒಂದೇ ಕೇಳ್ತಾರೆ."

ನಾನು ದೆವ್ವಭೂತ ನಂಬುವವಳಲ್ಲ. ಆದರೆ ಆ ದಿನದಿಂದ ಊಟಕ್ಕೆ ಕೂತಾಗ ಎದುರಿನ ಖಾಲಿ ಜಾಗಕ್ಕೆ ಕಣ್ಣು ಹೋಗತೊಡಗಿತು. ಅಲ್ಲಿ ಏನೂ ಇಲ್ಲವೆಂದು ಗೊತ್ತು, ಆದರೂ ನೋಡುತ್ತಿದ್ದೆ. ವರದಿಯಲ್ಲಿ ತಪ್ಪಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಐವತ್ತೆಂಟು ಪುಟಗಳನ್ನೂ ಮತ್ತೆ ಓದಿದೆ. ಮಗು ಇರಲಿಲ್ಲ.

ದೀಪಾವಳಿ ಹೊತ್ತಿಗೆ ಜರ್ಮನಿಯಿಂದ ಬೇರೊಂದು ಕೆಲಸ ಬಂತು. ಆ ಫೋಟೊಗಳಲ್ಲಿ ಕೆಲವು ತಲೆಕೆಳಗಾಗಿದ್ದವು. ತಿರುಗಿಸಲು ಹೋದ ಕೈ ಅಲ್ಲೇ ನಿಂತಿತು. ಮದುವೆಯಾಗದ ತಾಯಂದಿರ ಮಕ್ಕಳನ್ನು ಅಲ್ಲಿನ ಕೆಲವು ಪಾದ್ರಿಗಳು ಉಳಿದವರ ಸಾಲಿನಲ್ಲಿ ಬರೆಯುತ್ತಿರಲಿಲ್ಲ. ಪುಸ್ತಕವನ್ನು ತಲೆಕೆಳಗು ಮಾಡಿ, ಹಿಂದಿನ ರಟ್ಟಿನಿಂದ ತೆರೆದು, ಬೇರೆಯಾಗಿ ಬರೆಯುತ್ತಿದ್ದರು. ಇದು ನನಗೆ ಹೊಸದೇನಲ್ಲ. ಅಂಥ ಎಷ್ಟೋ ಪುಟ ಓದಿದ್ದೇನೆ. ಆ ಪಾದ್ರಿ ಸಮುದ್ರ ದಾಟಿ ಬರುವಾಗ ಈ ಪದ್ಧತಿಯನ್ನೂ ಹೊತ್ತು ತಂದಿರಬಹುದು ಎಂದು ನನಗೆ ಹೊಳೆದಿರಲಿಲ್ಲ, ಅಷ್ಟೇ. ಖಾಲಿ ಹಾಳೆಗಳ ಆಚೆ ಏನಿದೆ ಎಂದು ನೋಡಲು ಬಿಡದವಳು ನಾನು.

ಮರುದಿನವೇ ಹಳೇಬೀಡಿನ ಮೇಲೆ ಹೋಗುವ ಬಸ್ಸು ಹಿಡಿದು ಬೇಲೂರಿಗೆ ಹೋದೆ. ಅಲ್ಲಿಂದ ಮಂಜುಳಾಳೊಂದಿಗೆ ಜೀಪಿನಲ್ಲಿ ತೋಟಕ್ಕೆ. ಟ್ರಂಕಿನಿಂದ ಪುಸ್ತಕ ತೆಗೆದುಕೊಟ್ಟ ಹಿರಿಯರು ನಾನು ಹಿಡಿದ ರೀತಿ ನೋಡಿ, "ತಲೆಕೆಳಗಾಗೈತೆ, ಮೇಡಂ" ಎಂದರು. "ಹೌದು ಯಜಮಾನ್ರೇ, ಹಿಂಗೇ ಹಿಡೀಬೇಕಿತ್ತು" ಎಂದು ಹಿಂದಿನ ರಟ್ಟು ತೆರೆದೆ.

ಅಲ್ಲಿ ಏಳು ಮಕ್ಕಳಿದ್ದರು. ನಾಲ್ಕನೆಯದು ಹೆಣ್ಣು, ಹೆಸರು ಲಿಡಿಯಾ. ತಾಯಿ ಮಾರ್ಥಾ, ಮೊದಲಿನ ಹೆಸರು ದ್ಯಾವಮ್ಮ. ತಂದೆಯ ಜಾಗದಲ್ಲಿ ಒಂದು ಅಡ್ಡ ಗೆರೆ. ಬದುಕಿದ್ದು ಹತ್ತೊಂಬತ್ತು ದಿನ. ಹೂಳಿದ್ದು ಸ್ಮಶಾನದ ಬೇಲಿಯ ಹೊರಗೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ವಾಕ್ಯಗಳಿದ್ದವು. ಓದಿದೆ. ಮತ್ತೊಮ್ಮೆ ಓದಿದೆ. ಫೋನಿನಲ್ಲಿ ಪುಟದ ಫೋಟೊ ತೆಗೆದುಕೊಂಡೆ.

"ಏನ್ ಬರ್ದಿದೆ, ಮೇಡಂ?" ಎಂದಳು ಮಂಜುಳಾ.

"ನಿಮ್ಮಪ್ಪನ ಮುಂದೆ ಓದ್ತೀನಿ, ನಡಿ."

ಬಿಕ್ಕೋಡಿನ ಅವರ ಮನೆಗೆ ಹೋಗುವ ಹತ್ತು ನಿಮಿಷದಲ್ಲಿ, ಆ ಮೂರು ವಾಕ್ಯ ಬಿಟ್ಟು ಉಳಿದದ್ದನ್ನು ಮಾತ್ರ ಓದಿದರೆ ಹೇಗೆ ಎಂದು ಲೆಕ್ಕ ಹಾಕಿದೆ. ಕುರೆಂಟ್ ಬಲ್ಲವರು ಸುತ್ತಮುತ್ತ ಯಾರಿದ್ದಾರೆ, ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸಿದ್ದಯ್ಯ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವರು. ಬೆನ್ನು ಬಾಗಿತ್ತು, ಕೈ ಮಾತ್ರ ಇನ್ನೂ ಗಟ್ಟಿ. ಗೋಡೆಯ ಬುದ್ಧನ ಪಟದ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ನಾನು ನಿಂತುಕೊಂಡೇ ತಪ್ಪೊಪ್ಪಿಕೊಂಡೆ. ಆಮೇಲೆ ಫೋನಿನಲ್ಲಿ ತೆಗೆದುಕೊಂಡಿದ್ದ ಪುಟ ನೋಡುತ್ತಾ ಪೂರ್ತಿ ಓದಿದೆ. ಪಾದ್ರಿಯ ಆ ಮೂರು ವಾಕ್ಯಗಳು ಹೀಗಿದ್ದವು: "ತಾಯಿ ದಿನವೂ ಗೋರಿಯ ಬಳಿ ಎಲೆಯಲ್ಲಿ ಅನ್ನ ತಂದಿಡುತ್ತಾಳೆ. ನಿಲ್ಲಿಸಬೇಕೆಂದು ಹೇಳಿದ್ದೇನೆ. ನಿಲ್ಲಿಸಿದ್ದಾಳೆ."

ಮಂಜುಳಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ನಿಲ್ಸಿರ್ನಿಲ್ಲ ಕಣಮ್ಮ" ಎಂದರು ಸಿದ್ದಯ್ಯ. "ಅವ್ನ ಕಣ್ಣಿಗೆ ಬೀಳ್ದಂಗೆ ಮನೆಗೆ ತಂದ್ಲು, ಅಷ್ಟೇಯ. ಹೆಸ್ರು ಕೂಗಿದ್ರೆ ಅವ್ನ ಕಿವಿಗೆ ಬಿದ್ದಾತು ಅಂತ ಕೂಗ್ನಿಲ್ಲ." ಬಗ್ಗಿ ಫೋನಿನಲ್ಲಿದ್ದ ಪುಟ ನೋಡಿದರು. "ನಮ್ಮಜ್ಜಿ ಓದು ಬರಾ ಬಂದೋಳಲ್ಲ. ಓದಿದೋನ ಮಾತು ಕೇಳ್ನಿಲ್ಲ. ನಾನು ನಿಮ್ ಮಾತು ಕೇಳ್ಬುಟ್ಟೆ."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದು ಅಮಾವಾಸ್ಯೆಯಲ್ಲ, ಬರೀ ಒಂದು ಬುಧವಾರ. ಸಿದ್ದಯ್ಯ ಮಗಳಿಗೆ ಎಲೆ ತರಲು ಹೇಳಿದರು. ಮಧ್ಯಾಹ್ನದ ಅಡುಗೆಯನ್ನೇ ಚಿಕ್ಕ ಎಲೆಯಲ್ಲಿ ಬಡಿಸಿದರು: ಅನ್ನ, ಹುರುಳಿಕಾಳಿನ ಸಾರು, ಸ್ವಲ್ಪ ಬೆಲ್ಲ. ಹಾಲು ಕುಡಿಯುವ ಕೂಸಿಗೆ ಸಾರೇ ಎಂದು ಮಂಜುಳಾ ಅಂದದ್ದಕ್ಕೆ, "ನೂರು ವರ್ಷ ದಾಟೈತೆ ಕಣೇ ಅವ್ಳಿಗೆ" ಎಂದರು. ಆಮೇಲೆ ಬಾಗಿಲ ಕಡೆಗೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ, "ಲಿಡಿಯಾ, ಬಾರವ್ವಾ, ಉಣ್ಣು ಬಾ" ಎಂದು ಕೂಗಿದರು.

ಮುಂದಿನ ಮಹಾಲಯಕ್ಕೆ ಸಿದ್ದಯ್ಯ ಇರಲಿಲ್ಲ. ಅವರ ಎಲೆಯ ಪಕ್ಕದಲ್ಲೇ ಆ ಚಿಕ್ಕ ಎಲೆಯನ್ನೂ ಹಾಕಿದೆನೆಂದು ಮಂಜುಳಾ ಫೋನಿನಲ್ಲಿ ಹೇಳಿದಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: "ನಾನು ನೋಡಿದ ಪುಟಗಳಲ್ಲಿ ಇಲ್ಲ" ಎನ್ನುವುದಕ್ಕೂ "ಇಲ್ಲ" ಎನ್ನುವುದಕ್ಕೂ ನಡುವೆ ಒಂದು ಜೀವ ಇರಬಹುದು. ಎರಡನೆಯದನ್ನು ಈಗ ನಾನು ಬರೆಯುವುದಿಲ್ಲ. ಯಾವ ರಿಜಿಸ್ಟರು ಬಂದರೂ ಮೊದಲು ಹಿಂದಿನ ರಟ್ಟಿನ ಫೋಟೊ ಕೇಳುತ್ತೇನೆ. ಆ ತೋಟದ ಪುಸ್ತಕದಲ್ಲಿ ಲಿಡಿಯಾ ಒಬ್ಬಳೇ ಅಲ್ಲ, ಇನ್ನೂ ಆರು ಮಕ್ಕಳಿದ್ದಾರೆ. ಅವರನ್ನು ಕೇಳಿಕೊಂಡು ಇದುವರೆಗೆ ಯಾರೂ ಬಂದಿಲ್ಲ. ಊಟಕ್ಕೆ ಕೂತಾಗ ಎದುರಿನ ಖಾಲಿ ಜಾಗ ನೋಡುವುದು ನನಗಿನ್ನೂ ತಪ್ಪಿಲ್ಲ.