ಅಮ್ಮ ಹಾಕದೆ ಇಟ್ಟ ಶೂ

ನುಸಿಗುಳಿಗೆಯ ವಾಸನೆಯ ಜೊತೆ ಹೊಸ ಚರ್ಮದ ವಾಸನೆ ಸೇರಿದರೆ ಹೇಗಿರುತ್ತದೆಂದು ಗಲ್ಫಿನಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಂಗಳೂರಿನ ಫ್ಲ್ಯಾಟ್ ಖಾಲಿ ಮಾಡುತ್ತಿದ್ದಾಗ ಕಪಾಟಿನ ಮೇಲಿಂದ ನಾನೇ ಇಟ್ಟಿದ್ದ ಶೂ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಇಪ್ಪತ್ತು ವರ್ಷ ಹಿಂದಕ್ಕೆ, ಕತಾರಿನ ದುಖಾನ್‌ನಲ್ಲಿದ್ದ ನಮ್ಮ ಕಂಪನಿ ಕ್ವಾರ್ಟರ್ಸಿನ ಸ್ಟೋರ್ ರೂಮಿಗೆ ಹೋಗಿಬಿಟ್ಟೆ. ಕಿಟಕಿಯಿಲ್ಲದ ಸಣ್ಣ ಕೋಣೆ ಅದು. ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಒಂದರಲ್ಲಿ ಹೂವಿನ ಚಿತ್ರದ ಕಂಬಳಿ, ಒಂದರಲ್ಲಿ ಗಾಜಿನ ಲೋಟಗಳು, ಇನ್ನೊಂದರಲ್ಲಿ ಸೀಲು ಕೂಡ ಒಡೆಯದ ಮಿಕ್ಸಿ. ಎಲ್ಲವೂ ಊರಿಗೆ. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬಹುದು. ಒಳ್ಳೆಯದನ್ನೆಲ್ಲ ಕಟ್ಟಿಟ್ಟು ನಾವು ಹಿಡಿ ಮುರಿದ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದೆವು. ಅದರಲ್ಲಿ ವಿಚಿತ್ರವೇನೂ ಇದೆಯೆಂದು ನನಗೆ ಆಗ ಅನಿಸಿರಲಿಲ್ಲ.

ಅಪ್ಪ ಎಣ್ಣೆ ಕಂಪನಿಯಲ್ಲಿ ಟೆಕ್ನೀಷಿಯನ್. ದುಖಾನ್ ಎಂದರೆ ದೇಶದ ಪಶ್ಚಿಮದ ಅಂಚು. ಒಂದು ಕಡೆ ಆಳವಿಲ್ಲದ ಹಸಿರು ಸಮುದ್ರ, ಇನ್ನೊಂದು ಕಡೆ ಸುಣ್ಣಕಲ್ಲಿನ ಬೋಳು ದಿಬ್ಬಗಳು, ಅವುಗಳ ಹಿಂದೆ ಹಗಲಿರುಳು ಉರಿಯುವ ಗ್ಯಾಸಿನ ಜ್ವಾಲೆ. ದೋಹಾಕ್ಕೆ ಹೋಗುವುದೆಂದರೆ ಒಂದು ದಿನದ ಕಾರ್ಯಕ್ರಮ. ಅಮ್ಮನಿಗೆ ಅಲ್ಲಿ ಮಾತಾಡಲು ಜನ ಕಡಿಮೆ. ಹುಡುಗಿಯಾಗಿದ್ದಾಗ ದಿನಾ ಎರಡು ಗುಡ್ಡ ಹತ್ತಿ ಇಳಿದು ಶಾಲೆಗೆ ಹೋದವಳು ಅವಳು. ಏ.ಸಿ. ಕೋಣೆಯಲ್ಲಿ ಕುಳಿತು ಕಾಲು ಜಡವಾಯಿತೆಂದು ಸಂಜೆ ನಡೆಯಲು ಶುರುಮಾಡಿದಳು. ಹಾಗೆ ಸಿಕ್ಕಿದವರು ಲೂಚಿಯಾ ಆಂಟಿ. ಎರಡು ಬೀದಿ ಆಚೆ ಇದ್ದ ಇಟಲಿಯ ಇಂಜಿನಿಯರರ ಹೆಂಡತಿ. ಒಬ್ಬರದು ಕನ್ನಡ ಮೀಡಿಯಮ್ಮಿನ ಇಂಗ್ಲಿಷು, ಇನ್ನೊಬ್ಬರದು ಅದಕ್ಕಿಂತಲೂ ಕಷ್ಟದ್ದು. ಆದರೂ ಆ ಇಬ್ಬರು ಹೆಂಗಸರು ಮಾತಿಗೆ ನಿಂತರೆ ಸಮುದ್ರದ ಕಡೆ ಸೂರ್ಯ ಮುಳುಗಿ ಮಸೀದಿಯ ಬಾಂಗು ಕೇಳುವವರೆಗೂ ಮುಗಿಯುತ್ತಿರಲಿಲ್ಲ.

ಆಂಟಿಯ ಮಾತೆಲ್ಲ ಅವರ ಊರಿನದೇ. ಅಲ್ಲಿ ಗುಡ್ಡದ ಹಿಂದೆ ಗುಡ್ಡ, ಗುಡ್ಡಗಳ ಮೈತುಂಬ ಸಾಲು ಸಾಲು ದ್ರಾಕ್ಷಿತೋಟ, ಒಂದೊಂದು ಗುಡ್ಡದ ನೆತ್ತಿಯಲ್ಲೂ ಕಲ್ಲಿನ ಗೋಡೆಯೊಳಗೆ ಒಂದು ಹಳೆಯ ಊರು. ಬೆಳಿಗ್ಗೆ ಒಂದು ಊರಿನ ಚರ್ಚಿನ ಗಂಟೆ ಕೇಳಿ ಹೊರಟರೆ ಮಧ್ಯಾಹ್ನ ಇನ್ನೊಂದು ಊರಿನ ಗಂಟೆ ಕೇಳುವಾಗ ಊಟಕ್ಕೆ ಕೂರಬಹುದು. ಅಕ್ಟೋಬರಿನಲ್ಲಿ ದ್ರಾಕ್ಷಿ ಕೊಯ್ಯುವಾಗ ದಾರಿಯೆಲ್ಲ ಹುಳಿ ಸಿಹಿ ಪರಿಮಳವಂತೆ. ನಡೆಯಬೇಕಾದ ಐದು ಊರುಗಳ ಹೆಸರನ್ನು ಕ್ರಮವಾಗಿ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅಮ್ಮ ಅದನ್ನು ಕಪಾಟಿನ ಬಾಗಿಲ ಒಳಗೆ, ಅವಳ ಸೀರೆಗಳಿಗೆ ಎದುರಾಗಿ ಅಂಟಿಸಿದಳು. ತನಗಾಗಿ ಏನನ್ನೂ ಕೇಳಿದವಳಲ್ಲ ನನ್ನ ಅಮ್ಮ. ಇದನ್ನು ಮಾತ್ರ ಕೇಳಿದಳು. ಅನ್ನ ಬಡಿಸುತ್ತ, ಅಪ್ಪನ ಮುಖ ನೋಡದೆ, "ಈ ಸರ್ತಿ ರಜೆಯಲ್ಲಿ ಊರಿಗೆ ಬೇಡ ಮಾರಾಯ್ರೆ. ಹತ್ತು ದಿನ ಅಲ್ಲಿ ನಡೀಬೇಕು ನಂಗೆ" ಅಂದಳು. ಅಪ್ಪ ತಮಾಷೆಯವರು. "ನಡೀಲಿಕ್ಕೆ ವಿಮಾನದಲ್ಲಿ ಹೋಗುವವಳು ನೀನೊಬ್ಳೇ ಇರ್ಬೇಕು" ಎಂದು ನಕ್ಕರು. ಮರುದಿನವೇ ರಜೆಗೆ ಅರ್ಜಿ ಹಾಕಿದರು.

ಏಷ್ಯನ್ ಗೇಮ್ಸಿಗೆಂದು ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ವರ್ಷ ಅದು. ಆ ಧೂಳಿನಲ್ಲೇ ಹೋಗಿ ಅಮ್ಮನಿಗೆ ಶೂ ತಂದೆವು. ಕಂದು ಚರ್ಮ, ಕೆಂಪು ಲೇಸು, ದಪ್ಪನೆಯ ಅಡಿ. ಅಂಗಡಿಯಲ್ಲಿ ಅದನ್ನು ಹಾಕಿ ನಾಲ್ಕು ಹೆಜ್ಜೆ ನಡೆದು ನಾಚಿಕೊಂಡ ಅಮ್ಮನ ಮುಖ ನನಗೆ ಈಗಲೂ ನೆನಪಿದೆ. ಆಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಅವಳೂ ನಾನೂ ದಿಬ್ಬ ಹತ್ತುತ್ತಿದ್ದೆವು. ಮೊದಲ ದಿಬ್ಬಕ್ಕೆ ಚೀಟಿಯ ಮೊದಲ ಊರಿನ ಹೆಸರು, ಎರಡನೆಯದಕ್ಕೆ ಎರಡನೆಯದು. ನೀರಿನ ಟ್ಯಾಂಕ್ ಇದ್ದ ದಿಬ್ಬಕ್ಕೆ ಐದನೆಯ ಊರು. ಅಲ್ಲಿ ಕುಳಿತು ಬುತ್ತಿಯ ನೀರುದೋಸೆ ತಿನ್ನುವುದು. ಆದರೆ ಅಮ್ಮ ಹತ್ತುತ್ತಿದ್ದುದು ಹಳೆಯ ಕ್ಯಾನ್ವಾಸ್ ಶೂನಲ್ಲಿ. ಹೊಸದನ್ನು ಹಾಕಿ ಕಾಲಿಗೆ ಒಗ್ಗಿಸಿಕೋ ಎಂದು ಲೂಚಿಯಾ ಆಂಟಿ ಎಷ್ಟು ಸಲ ಬೈದರೂ ಕೇಳಲಿಲ್ಲ. "ಈ ಕಲ್ಲಿಗೆ ಹಾಕಿದ್ರೆ ಗೀಚಿ ಹೋಗ್ತದೆ ಮಗಾ. ಅಲ್ಲಿಗೆ ಹೊಸತೇ ಇರ್ಲಿ" ಅನ್ನುತ್ತಿದ್ದಳು. ಶೂ ಪೆಟ್ಟಿಗೆ ನುಸಿಗುಳಿಗೆ ಹಾಕಿಸಿಕೊಂಡು ಸ್ಟೋರ್ ರೂಮಿನ ಕಂಬಳಿ, ಲೋಟಗಳ ಪಕ್ಕ ಹೋಗಿ ಕುಳಿತಿತು.

ವೀಸಾ ಬಂತು. ದೇಶ ಬಿಟ್ಟು ಹೊರಡಲು ಅಪ್ಪನಿಗೆ ಬೇಕಿದ್ದ ಎಕ್ಸಿಟ್ ಪರ್ಮಿಟ್ಟೂ ಆಯಿತು. ಅಷ್ಟರಲ್ಲಿ ಊರಿನಿಂದ ಫೋನ್: ದೊಡ್ಡಪ್ಪನ ಮಗಳ ಮದುವೆ ಸರಿಯಾಗಿ ಅದೇ ದಿನಗಳಲ್ಲಿ ನಿಶ್ಚಯವಾಗಿತ್ತು. ಅಪ್ಪ, "ನಾವಿಲ್ಲದಿದ್ರೂ ಮದುವೆ ಆಗ್ತದೆ" ಎಂದು ಮುಗಿಸಿಬಿಟ್ಟರು. ಮುಗಿಸದೇ ಇದ್ದವಳು ನಾನು. ಹನ್ನೊಂದು ವರ್ಷ ನನಗೆ. ಅಕ್ಕನ ಪಕ್ಕದಲ್ಲಿ ಜರಿಲಂಗ ಉಟ್ಟು ನಿಲ್ಲಬೇಕಿತ್ತು. ಎರಡು ದಿನ ಊಟ ಬಿಟ್ಟು ಅತ್ತೆ. ಮೂರನೆಯ ದಿನ ಅಮ್ಮ ಬಂದು ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. "ಆಯ್ತು, ಅಳ್ಬೇಡ. ಊರಿಗೇ ಹೋಗುವ. ಆ ಗುಡ್ಡ ಎಲ್ಲಿಗೂ ಓಡಿಹೋಗುದಿಲ್ಲ" ಅಂದಳು. ಅವಳ ಕೈ ನನ್ನ ಕೂದಲಲ್ಲಿ ಆಡುತ್ತಿತ್ತು, ಕಣ್ಣು ಎಲ್ಲಿತ್ತೋ ನಾನು ನೋಡಲಿಲ್ಲ. ನಾನು ಎದ್ದು ಮುಖ ತೊಳೆದು ಹೊಟ್ಟೆತುಂಬ ಉಂಡೆ. ಇಷ್ಟು ವರ್ಷವಾದರೂ ಆ ಊಟ ನನಗೆ ಜೀರ್ಣವಾಗಿಲ್ಲ.

ಮುಂದಿನ ಬೇಸಿಗೆಗೆ ಲೂಚಿಯಾ ಆಂಟಿಯ ಗಂಡನ ಕಾಂಟ್ರಾಕ್ಟ್ ಮುಗಿದು ಅವರು ಹೊರಟುಹೋದರು. ಅದರ ಮುಂದಿನ ಅಕ್ಟೋಬರಿಗೆ ಅಮ್ಮ ದೋಹಾದ ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಯ ಕಾಯಿಲೆ; ಗೊತ್ತಾಗುವಾಗ ತಡವಾಗಿತ್ತು. ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದ ನನ್ನ ಪಾದವನ್ನು ಒಂದು ದಿನ ಬೆರಳಿನಿಂದ ಅಳೆದು ಹೇಳಿದಳು: "ನಿಂದೂ ನನ್ನ ಹಾಗಿನದ್ದೇ ಕಾಲು. ಆ ಶೂ ಮುಂದೆ ನಿಂಗೆ ಆಗ್ತದೆ. ಜಾಗ್ರತೆ ಇಡು ಮಗಾ, ಹಾಳು ಮಾಡ್ಬೇಡ." ಅವಳು ಹೋದ ಮೇಲೆ ಅಪ್ಪ ಕೆಲಸ ಬಿಟ್ಟು ಕ್ವಾರ್ಟರ್ಸಿನ ಕೀಲಿ ಒಪ್ಪಿಸಿದರು. ಸ್ಟೋರ್ ರೂಮಿನ ಪೆಟ್ಟಿಗೆಗಳನ್ನು ಊರಿನಲ್ಲಿ ಬಿಚ್ಚಿದಾಗ ಕಂಬಳಿಗಳು ಮಡಿಕೆಯಲ್ಲೇ ಹರಿದಿದ್ದವು. ಚೀಟಿ ಮತ್ತು ಶೂ ನನ್ನ ಪಾಲಿಗೆ ಬಂದವು. ಅಮ್ಮ ಹೇಳಿದ್ದೆಂದು ನಾನು ಶೂವನ್ನು ಅಷ್ಟೇ ಜಾಗ್ರತೆಯಿಂದ ಇಟ್ಟೆ. ವರ್ಷ ವರ್ಷ ನುಸಿಗುಳಿಗೆ ಬದಲಿಸಿದ್ದು ಬಿಟ್ಟರೆ ಕೈ ಕೂಡ ತಾಗಿಸಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಒಬ್ಬಳೇ ಅಲ್ಲಿಗೆ ಹೋದೆ. ಚೀಟಿಯ ಮೊದಲ ಊರಿನಲ್ಲಿ ಕೋಣೆ ಹಿಡಿದು, ಬೆಳಿಗ್ಗೆ ಗಂಟೆ ಹೊಡೆದಾಗ ಅಮ್ಮನ ಶೂ ಕಟ್ಟಿಕೊಂಡೆ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆಂಟಿ ಹೇಳಿದ್ದು ಒಂದೂ ಸುಳ್ಳಲ್ಲ. ಮಂಜಿನಲ್ಲಿ ಗುಡ್ಡದ ಹಿಂದೆ ಗುಡ್ಡ, ಹಳದಿಗೆ ತಿರುಗಿದ ದ್ರಾಕ್ಷಿಯ ಎಲೆ, ಹುಳಿ ಸಿಹಿ ಪರಿಮಳ, ಎದುರಿನ ನೆತ್ತಿಯ ಮೇಲೆ ಎರಡನೆಯ ಊರು. ಇಳಿಜಾರಿನಲ್ಲಿ ಕಾಲು ಗಂಟೆ ನಡೆದಿರಬೇಕು, ಎಡಗಾಲಿಗೆ ತೇವ ತಾಗಿತು. ಬಗ್ಗಿ ನೋಡಿದರೆ ಶೂವಿನ ಅಡಿಯೇ ಇಲ್ಲ. ಹಿಂದೆ ದಾರಿಯುದ್ದಕ್ಕೂ ಕಪ್ಪು ಪುಡಿ ಉದುರಿಕೊಂಡು ಬಂದಿತ್ತು. ಬಲಗಾಲಿನದನ್ನು ಬೆರಳಿನಿಂದ ಒತ್ತಿದೆ. ಅದೂ ಒಣಗಿದ ರೊಟ್ಟಿಯ ಹಾಗೆ ಪುಡಿಯಾಯಿತು. ಮೇಲಿನ ಚರ್ಮಕ್ಕೆ ಒಂದು ಗೀಚೂ ಬಿದ್ದಿರಲಿಲ್ಲ.

ಬರಿಯ ಕಾಲುಚೀಲದಲ್ಲಿ ಕೋಣೆಗೆ ವಾಪಸು ಬಂದೆ. ಮನೆಯೊಡತಿ ಶೂ ತಿರುಗಿಸಿ ನೋಡಿ, ಹೆಗಲು ಹಾರಿಸಿ, ಇಂಥ ಶೂಗಳು ಹೀಗೇ ಎಂದಳು. ಕಾಲಿಗೆ ಹಾಕಿ ನಡೆಯುತ್ತಿದ್ದರೆ ಬಾಳುತ್ತವೆ, ಪೆಟ್ಟಿಗೆಯಲ್ಲಿಟ್ಟರೆ ಒಳಗೊಳಗೇ ಸಾಯುತ್ತವೆ ಎಂದಳು. ಪೇಟೆಯಲ್ಲಿ ಬೇರೆ ಶೂ ಸಿಗುತ್ತದೆ, ನಾಳೆ ನಡೆಯಬಹುದು ಎಂದೂ ಹೇಳಿದಳು. ಬೇರೆ ಶೂ ಹಾಕಿಕೊಂಡು ನಡೆಯಲು ನನಗೆ ಅಲ್ಲಿ ಏನೂ ಇರಲಿಲ್ಲ. ಮರುದಿನ ಬಸ್ಸು ಹತ್ತಿದೆ. ಎರಡನೆಯ ಊರು ಕಿಟಕಿಯಲ್ಲಿ ಸ್ವಲ್ಪ ಹೊತ್ತು ಕಂಡು ತಿರುವಿನಲ್ಲಿ ಮರೆಯಾಯಿತು. ಅಮ್ಮ ಹೇಳಿದಂತೆ ಗುಡ್ಡಗಳು ಎಲ್ಲಿಗೂ ಓಡಿಹೋಗಿರಲಿಲ್ಲ. ನಾನು ಕಣ್ಣು ಮುಚ್ಚಿ ಕುಳಿತೆ. ದುಖಾನಿನ ಆ ಬೋಳು ದಿಬ್ಬಗಳ ಮೇಲೆ, ಶುಕ್ರವಾರದ ಬೆಳಗುಗಳಲ್ಲಿ, ಅಮ್ಮ ಆ ಶೂ ಹಾಕಿ ಗೀಚಿ, ಸವೆಸಿ, ಹರಿದು ಬಿಸಾಡಿದ್ದರೆ ಸಾಕಿತ್ತು.