ಅಭಯ ಕೊಡುವವರು

ಮ್ಯೂಸಿಯಂನ ಗೈಡ್ ಮಹಾಶಯರು ಕಂಚಿನ ಬುದ್ಧರ ಸಾಲಿನ ಎದುರು ನಿಂತರೆಂದರೆ ಬಾಯಿಗೆ ಬಿಡುವಿಲ್ಲ. "ಆ ಬುದ್ಧನ ಕೈ ನೆಲ ಮುಟ್ಟಿದೆ, ಭೂಮೀನ ಸಾಕ್ಷಿಗೆ ಕರೀತಿದೆ, ಈ ಬುದ್ಧ ಕೈ ಎತ್ತಿದಾನೆ, ಹೆದರಬೇಡಿ ಅಂತಿದಾನೆ, ಇದು ಅಭಯಮುದ್ರೆ" ಎನ್ನುತ್ತ ತಾವೂ ಅಂಗೈ ಎತ್ತುತ್ತಾರೆ. ಊರಿಗೆಲ್ಲ ಅಭಯ ಕೊಡುವ ಇವರಿಗೆ ಹಲ್ಲಿ ಕಂಡರೂ ಎದೆ ಢವಢವ, ಮೇಲಧಿಕಾರಿ ಕೆಮ್ಮಿದರೂ ಢವಢವ. ಅದನ್ನೂ ತಾವೇ ಹೇಳಿಕೊಂಡು ಬಂದವರನ್ನು ನಗಿಸುತ್ತಾರೆ. ಹೋದ ತಿಂಗಳು ಹೆಂಡತಿಯನ್ನು ಆಪರೇಷನ್‌ಗೆ ಒಳಗೆ ಕರೆದೊಯ್ಯುವಾಗ ಅಂಗೈ ಎತ್ತಿದರು. "ನಿಮ್ಮ ಕೈ ನಡುಗ್ತಿದೆ ಕಣ್ರೀ" ಎಂದ ಆಕೆ ಮಲಗಿದಲ್ಲಿಂದಲೇ ತನ್ನ ಅಂಗೈ ಎತ್ತಿ ತೋರಿಸಿದಳು. ಅದು ನಡುಗಲಿಲ್ಲ. ಆಕೆ ಮನೆಗೆ ಬಂದ ಮೇಲೆ ಮಹಾಶಯರ ವಿವರಣೆಗೆ ಹೊಸದೊಂದು ಬಾಲ ಸೇರಿದೆ: ಅಂಗೈ ಎತ್ತಿ, "ಇದು ನಕಲು. ಅಸಲಿ ನಮ್ಮನೇಲಿದೆ" ಎನ್ನುತ್ತಾರೆ.